60ರಿಂದ 72ಕ್ಕೆ: ನಮ್ಮ ಮನೆಯ ಮಾನಿಟರಿನ ಲೆಕ್ಕ

ಅಕೌಂಟೆನ್ಸಿಯ ಆರಂಭದ ಪಾಠಗಳಲ್ಲೇ ಒಂದು ತತ್ವ ಬರುತ್ತದೆ. ಲಾಭ ಬರಬಹುದು ಎಂಬ ಆಸೆಯಿಂದ ಅದನ್ನು ಮೊದಲೇ ಪುಸ್ತಕದಲ್ಲಿ ಬರೆಯಬಾರದು. ಆದರೆ ಆಗಬಹುದಾದ ನಷ್ಟಕ್ಕೆ ಮೊದಲೇ ಹಣ ಎತ್ತಿಡಬೇಕು. ಪ್ರುಡೆನ್ಸ್ ಎಂದು ಅದರ ಹೆಸರು. ಎರಡು ಅಂಕದ ಪ್ರಶ್ನೆಗೆಂದು ನಾವೆಲ್ಲರೂ ಇದನ್ನು ಬಾಯಿಪಾಠ ಮಾಡಿದ್ದೇವೆ. ನನಗೆ ಇದರ ಅರ್ಥ ಸರಿಯಾಗಿ ತಿಳಿದದ್ದು ತರಗತಿಯ ಹೊರಗೆ, ಬನ್ನಂಜೆಯ ನಮ್ಮ ಮನೆಯಲ್ಲಿ, ಒಂದು ಹಳೆಯ ಕಂಪ್ಯೂಟರ್ ಮಾನಿಟರಿನಿಂದ. ಕಂಪೆನಿ ಹೇಳಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಅದನ್ನು ಓಡಿಸಬಹುದೇ ಎಂದು ನೋಡಲು ನಾನು ಹೊರಟಿದ್ದೆ. ಇದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ.

ಮಾನಿಟರಿಗೆ ಎಂಥ ವೇಗ ಎಂದು ನೀವು ಕೇಳಬಹುದು. ಪರದೆಯ ಮೇಲೆ ಚೆಂಡು ಓಡುವಂತೆ ಕಂಡರೂ ಅಲ್ಲಿ ಏನೂ ಓಡುವುದಿಲ್ಲ. ನಿಂತ ಚಿತ್ರಗಳು ಒಂದರ ಹಿಂದೆ ಒಂದು ಬರುತ್ತವೆ, ಅಷ್ಟೆ. ಒಂದು ಸೆಕೆಂಡಿಗೆ ಎಷ್ಟು ಬಾರಿ ಪರದೆ ಹೊಸದಾಗುತ್ತದೆಯೋ ಅದು ಅದರ ರಿಫ್ರೆಶ್ ರೇಟ್. ಅದನ್ನು ಹರ್ಟ್ಜ್‌ನಲ್ಲಿ ಅಳೆಯುತ್ತಾರೆ. ಸಾಮಾನ್ಯ ಮಾನಿಟರುಗಳದ್ದು 60 ಹರ್ಟ್ಜ್. ಅಂದರೆ ಒಂದು ಚಿತ್ರ ಸುಮಾರು 16.67 ಮಿಲಿಸೆಕೆಂಡ್ ನಿಲ್ಲುತ್ತದೆ. ಗೇಮ್ ಆಡುವವರು ಕೊಳ್ಳುವ 144 ಹರ್ಟ್ಜ್ ಮಾನಿಟರಿನಲ್ಲಿ ಅದು 7 ಮಿಲಿಸೆಕೆಂಡಿಗೂ ಕಡಿಮೆ. ಮಣಿಪಾಲದಲ್ಲಿರುವ ನನ್ನ ಗೆಳೆಯನೊಬ್ಬನ ಮನೆಯಲ್ಲಿ ಅಂಥದ್ದನ್ನು ನೋಡಿದ್ದೆ. ಮೌಸ್ ಎಳೆದರೆ ಬಾಣದ ಗುರುತು ಎಣ್ಣೆ ಹಚ್ಚಿದ ಹಾಗೆ ಜಾರುತ್ತಿತ್ತು. ಮನೆಗೆ ಬಂದು ನಮ್ಮದನ್ನು ನೋಡಿದರೆ ಎಲ್ಲವೂ ತಡೆ ತಡೆದು ಹೋಗುವಂತೆ ಕಂಡಿತು.

ಹರ್ಟ್ಜ್ ಎಂಬ ಪದ ನಮಗೆ ಹೊಸದೇನಲ್ಲ. ನಮ್ಮ ಮನೆಗೆ ಬರುವ ಕರೆಂಟಿನದ್ದು 50 ಹರ್ಟ್ಜ್. ನಮ್ಮ ಜಿಲ್ಲೆಯ ಕಾಪು ತಾಲ್ಲೂಕಿನ ಎಲ್ಲೂರಿನಲ್ಲಿ ಉಷ್ಣ ವಿದ್ಯುತ್ ಸ್ಥಾವರ ಇದೆಯಲ್ಲ, ಅಂಥ ಸ್ಥಾವರದ ಟರ್ಬೈನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ. 60ರಿಂದ ಭಾಗಿಸಿ ನೋಡಿ, ಸೆಕೆಂಡಿಗೆ 50. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗದ ಮೂಲಕ ದಕ್ಷಿಣ ಭಾರತದ ವಿದ್ಯುತ್ ಜಾಲ ದೇಶದ ಉಳಿದ ಜಾಲಕ್ಕೆ ಜೋಡಣೆಯಾಯಿತು. ಅಂದಿನಿಂದ ಎಲ್ಲೂರಿನ ಯಂತ್ರವೂ ಉತ್ತರದ ಯಂತ್ರವೂ ಒಂದೇ ತಾಳದಲ್ಲಿ ತಿರುಗಬೇಕು. ನಮ್ಮ ಯಂತ್ರ ಗಟ್ಟಿಯಾಗಿದೆ, 52ಕ್ಕೆ ಏರಿಸೋಣ ಎಂದು ಯಾರೂ ಹೇಳುವಂತಿಲ್ಲ. ಏಕೆಂದರೆ ಅದು ಎಲ್ಲರೂ ಹಂಚಿಕೊಂಡ ಸಂಖ್ಯೆ. ಮಾನಿಟರಿನ 60 ಹಾಗಲ್ಲ, ಅದು ಅದರ ಮಾಲೀಕನಿಗೆ ಬಿಟ್ಟದ್ದು.

ಆದರೆ ನಮ್ಮ ಮನೆಯ ಮಾನಿಟರಿನ ಮಾಲೀಕ ನಾನಲ್ಲ. ಅದು ನನ್ನ ಅಕ್ಕನದು. ನಮ್ಮ ಮನೆಮಾತು ಉರ್ದು, ನಾನು ಅವಳನ್ನು ಆಪಾ ಎಂದು ಕರೆಯುತ್ತೇನೆ. ಬಿ.ಕಾಂ. ಮುಗಿಸಿದ ಆಪಾ ಉಡುಪಿಯ ಒಬ್ಬ ಲೆಕ್ಕಪರಿಶೋಧಕರ ಕಚೇರಿಗೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಅಂಗಡಿಗಳ ಬಿಲ್‌ಗಳನ್ನು ಟ್ಯಾಲಿಗೆ ಏರಿಸುವುದು, ಜಿಎಸ್‌ಟಿ ರಿಟರ್ನ್ ಸಿದ್ಧ ಮಾಡುವುದು ಅವಳ ಕೆಲಸ. ಕಚೇರಿಯೊಂದು ಮಾರಿದ ಹಳೆಯ ಮಾನಿಟರನ್ನು ಅವಳು ತನ್ನ ಸಂಬಳದಲ್ಲಿ 3,500 ರೂಪಾಯಿಗೆ ಕೊಂಡಳು. ಅಬ್ಬಾ ಆಟೋ ಓಡಿಸುತ್ತಾರೆ. ಮಳೆಗಾಲದಲ್ಲಿ ಬಾಡಿಗೆ ಕಡಿಮೆಯಾದಾಗ ನನ್ನ ಫೀಸಿನ ಎರಡನೇ ಕಂತು ಕಟ್ಟಿದ್ದು ಆಪಾಳ ಸಂಬಳ. ಹಾಗಾಗಿ ಆ ಪರದೆ ಕಪ್ಪಾದರೆ ಹೋಗುವುದು ನನ್ನ ಆಟ ಮಾತ್ರ ಅಲ್ಲ.

ನಾನು ನೇರವಾಗಿ ಅವಳ ಹತ್ತಿರ ಹೋಗಿ ವಿಷಯ ಹೇಳಿದೆ. ಒಂದು ಹಾಳೆಯಲ್ಲಿ ಲೆಕ್ಕವನ್ನೂ ಬರೆದುಕೊಂಡು ಹೋಗಿದ್ದೆ. ಆ ಲೆಕ್ಕ ಹೀಗಿದೆ.

ನಮ್ಮ ಪರದೆಯಲ್ಲಿ ಅಡ್ಡ 1,920, ಉದ್ದ 1,080 ಚುಕ್ಕಿಗಳಿವೆ. ಆದರೆ ಕೇಬಲ್‌ನಲ್ಲಿ ಬರುವ ಲೆಕ್ಕ 2,200 ಗುಣಿಸು 1,125. ಹೆಚ್ಚುವರಿ ಭಾಗ ಕಣ್ಣಿಗೆ ಕಾಣುವುದಿಲ್ಲ. ಹಿಂದಿನ ಡಬ್ಬಾ ಟಿವಿಗಳಲ್ಲಿ ಚಿತ್ರ ಬರೆಯುವ ಕಿರಣ ಒಂದು ಸಾಲು ಮುಗಿಸಿ ಮುಂದಿನ ಸಾಲಿಗೆ ಮರಳಲು ಸ್ವಲ್ಪ ಬಿಡುವು ಬೇಕಿತ್ತು. ಕಿರಣ ಹೋದರೂ ಆ ಬಿಡುವು ಪದ್ಧತಿಯಾಗಿ ಉಳಿದಿದೆ. ಹೀಗೆ ಒಂದು ಚಿತ್ರಕ್ಕೆ 24,75,000 ಚುಕ್ಕಿಗಳು. ಸೆಕೆಂಡಿಗೆ 60 ಚಿತ್ರವೆಂದರೆ 14.85 ಕೋಟಿ. 72 ಎಂದರೆ 17.82 ಕೋಟಿ. 75 ಎಂದರೆ 18.56 ಕೋಟಿ. ಇದಕ್ಕೆ ಪಿಕ್ಸೆಲ್ ಕ್ಲಾಕ್ ಎನ್ನುತ್ತಾರೆ. ಓವರ್‌ಕ್ಲಾಕ್ ಮಾಡುವುದೆಂದರೆ ಈ ಗಡಿಯಾರವನ್ನು ಚುರುಕು ಮಾಡುವುದು. ಎಚ್‌ಡಿಎಂಐ 1.4 ಮಟ್ಟದ ಸಂಪರ್ಕಕ್ಕೆ 34 ಕೋಟಿಯವರೆಗೆ ಅವಕಾಶವಿದೆ, ಆದ್ದರಿಂದ ಕೇಬಲ್ ನಮಗೆ ಅಡ್ಡಿಯಲ್ಲ. ತಡೆ ಇರುವುದು ಮಾನಿಟರಿನ ಒಳಗಿನ ಚಿಪ್ ಮತ್ತು ಪರದೆಯಲ್ಲಿ.

ಹಾಗಾದರೆ ಕಂಪೆನಿಯವರು 60 ಎಂದೇಕೆ ಬರೆದರು? ಒಂದೇ ಮಾದರಿಯ ಸಾವಿರಾರು ಮಾನಿಟರುಗಳು ತಯಾರಾಗುತ್ತವೆ. ಎಲ್ಲವೂ ಒಂದೇ ರೀತಿ ಗಟ್ಟಿ ಇರುವುದಿಲ್ಲ. ಎಲ್ಲಕ್ಕಿಂತ ದುರ್ಬಲವಾದದ್ದೂ ಸೆಕೆಗಾಲದಲ್ಲೂ ವರ್ಷಗಟ್ಟಲೆ ನಡೆಯುವಂಥ ಸಂಖ್ಯೆಯನ್ನು ಅವರು ಹೇಳುತ್ತಾರೆ. ಕೇಬಲ್ ಜೋಡಿಸಿದ ಕೂಡಲೇ ಮಾನಿಟರ್ ಕಂಪ್ಯೂಟರಿಗೆ ತನ್ನ ಗುರುತಿನ ಚೀಟಿ ಕೊಡುತ್ತದೆ, ಅದಕ್ಕೆ ಇಡಿಐಡಿ ಎಂದು ಹೆಸರು. ನಮ್ಮದರ ಚೀಟಿಯಲ್ಲಿ ಇದ್ದದ್ದು 60. ಅದು ಮಾನಿಟರ್ ಕೊಟ್ಟ ಮಾತು. ಕೊಟ್ಟ ಮಾತಿಗಿಂತ ಶಕ್ತಿ ಸ್ವಲ್ಪ ಹೆಚ್ಚೇ ಇರಬಹುದು. ಎಷ್ಟು ಹೆಚ್ಚು ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು.

ಆಪಾ ಹಾಳೆಯನ್ನು ಪೂರ್ತಿ ಓದಿದಳು. ನಂತರ ಎರಡೇ ಪ್ರಶ್ನೆ ಕೇಳಿದಳು. "ಹಾಳಾದರೆ ಮರುದಿನ ನಾನು ಏನು ಮಾಡುವುದು? ಆ ನಷ್ಟ ಯಾರ ಖಾತೆಗೆ?" ಪಕ್ಕದಲ್ಲೇ ಇದ್ದ ಅಬ್ಬಾ ಇನ್ನೊಂದು ಸೇರಿಸಿದರು. "ನನ್ನ ಆಟೋದ ಮೀಟರಲ್ಲಿ ನಂಬರ್ ಇದೆ ಅಂತ ಅಷ್ಟರವರೆಗೂ ಓಡಿಸ್ತೇನಾ?"

ಉತ್ತರ ಸಿದ್ಧಪಡಿಸಲು ನನಗೆ ಒಂದು ವಾರ ಹಿಡಿಯಿತು. ಮೊದಲಿಗೆ ಸಿಪಿಯುವನ್ನು ಹಾಲಿನ ಟಿವಿಗೆ ಜೋಡಿಸಿ ಅದರಲ್ಲಿ ಟ್ಯಾಲಿ ತೆರೆಯುತ್ತದೆ, ಅಕ್ಷರ ಓದಲು ಬರುತ್ತದೆ ಎಂದು ತೋರಿಸಿದೆ. ಅಮ್ಮಿಯ ಧಾರಾವಾಹಿಗೆ ಎರಡು ದಿನ ಅಡ್ಡಿಯಾಗಬಹುದು ಎಂದು ಅವರ ಒಪ್ಪಿಗೆಯನ್ನೂ ಪಡೆದೆ. ಎರಡನೆಯದಾಗಿ ನನ್ನ ಈದಿಯ ಹಣದಲ್ಲಿ ಉಳಿದಿದ್ದ 2,000 ರೂಪಾಯಿಯನ್ನು ಲಕೋಟೆಯಲ್ಲಿ ಹಾಕಿ, ಮೇಲೆ 'ಮಾನಿಟರ್ ನಷ್ಟಕ್ಕೆ ಪ್ರಾವಿಷನ್' ಎಂದು ಬರೆದು ಅವಳ ಕೈಗೆ ಕೊಟ್ಟೆ. ಅವಳು ನಕ್ಕಳು, ಆದರೆ ಲಕೋಟೆಯನ್ನು ಹಿಂದಿರುಗಿಸಲಿಲ್ಲ. ದಿನವನ್ನು ಅವಳೇ ನಿಗದಿ ಮಾಡಿದಳು. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ರ ಕೊನೆಯ ದಿನ 11, ಜಿಎಸ್‌ಟಿಆರ್-3ಬಿಯದ್ದು 20. ಆದ್ದರಿಂದ 20 ಕಳೆದ ಮೇಲಿನ ಭಾನುವಾರ. "ಪೈಲೆ ಹಿಸಾಬ್, ಬಾದ್ ಮೆ ಖೇಲ್" ಎಂದಳು. ಮೊದಲು ಲೆಕ್ಕ, ಆಮೇಲೆ ಆಟ.

ಆ ಭಾನುವಾರ ಅಸರ್ ನಮಾಜಿನ ನಂತರ ಶುರು ಮಾಡಿದೆವು. ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಕಸ್ಟಮ್ ರೆಸಲ್ಯೂಶನ್ ಎಂಬ ಜಾಗವಿದೆ. ಅಲ್ಲಿ ಉಳಿದುದನ್ನೆಲ್ಲ ಹಾಗೆಯೇ ಬಿಟ್ಟು ರಿಫ್ರೆಶ್ ರೇಟ್ ಮಾತ್ರ ಬದಲಿಸಬೇಕು. ಒಮ್ಮೆಗೇ ಹಾರದೆ 65, 68, 70, 72 ಎಂದು ಸ್ವಲ್ಪ ಸ್ವಲ್ಪವೇ ಏರಿಸಿದೆ. ಪ್ರತಿ ಮೆಟ್ಟಿಲಲ್ಲೂ ಹತ್ತು ನಿಮಿಷ ನಿಲ್ಲಿಸಿ, ಗೆರೆ ಬರುತ್ತದೆಯೇ, ಬಣ್ಣ ಕೆಡುತ್ತದೆಯೇ, ಮಿನುಗುತ್ತದೆಯೇ ಎಂದು ನೋಡಿದೆವು. 75ಕ್ಕೂ ಪರದೆ ಒಪ್ಪಿತು. 77ಕ್ಕೆ ಕಪ್ಪಾಗಿ 'ಔಟ್ ಆಫ್ ರೇಂಜ್' ಎಂದು ತೋರಿಸಿತು. ಹೊಸ ಸೆಟ್ಟಿಂಗನ್ನು ನಾವು 15 ಸೆಕೆಂಡಿನೊಳಗೆ ಒಪ್ಪದಿದ್ದರೆ ವಿಂಡೋಸ್ ತಾನಾಗಿ ಹಳೆಯದಕ್ಕೆ ಮರಳುತ್ತದೆ. ಇದು ನನಗೆ ಗೊತ್ತಿತ್ತು. ಆದರೂ ಆಪಾ ಪಕ್ಕದಲ್ಲಿ ಕೂತು ಒಂದು, ಎರಡು ಎಂದು ಎಣಿಸುವಾಗ ಆ 15 ಸೆಕೆಂಡ್ ಬಹಳ ಉದ್ದವಾಗಿತ್ತು.

ಚಿತ್ರ ಮರಳಿ ಬಂತು. 75ಕ್ಕೆ ಇಳಿಸಿದೆ. ಮಾನಿಟರಿನ ಮೆನುವಿನಲ್ಲೂ 75, ವಿಂಡೋಸ್‌ನಲ್ಲೂ 75. ಹಣ ಕೊಡದೆ 15 ಹರ್ಟ್ಜ್ ಸಿಕ್ಕಿತು ಎಂದೆ. ಆಪಾ ಕೇಳಿದಳು: "ವೋಚರ್ ಎಲ್ಲಿ?"

ಅವಳ ಕೆಲಸದಲ್ಲಿ ವೋಚರ್ ಇಲ್ಲದ ನಮೂದಿಗೆ ಬೆಲೆಯಿಲ್ಲ. ಮಾನಿಟರಿನಲ್ಲೂ ಅದೇ ನಿಯಮ. ಕೆಲವು ಮಾನಿಟರುಗಳು 75 ಚಿತ್ರಗಳನ್ನು ತೆಗೆದುಕೊಳ್ಳುತ್ತವೆ, ಮೆನುವಿನಲ್ಲಿ 75 ಎಂದೂ ತೋರಿಸುತ್ತವೆ. ಆದರೆ ಒಳಗಿನ ಚಿಪ್ ಪರದೆಗೆ 60 ಮಾತ್ರ ಕಳುಹಿಸಿ, ಐದರಲ್ಲಿ ಒಂದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಇದಕ್ಕೆ ಫ್ರೇಮ್ ಸ್ಕಿಪ್ಪಿಂಗ್ ಎನ್ನುತ್ತಾರೆ. ಪುಸ್ತಕದಲ್ಲಿ 75, ತಿಜೋರಿಯಲ್ಲಿ 60. ಬರಿಗಣ್ಣಿಗೆ ಇದು ತಿಳಿಯುವುದು ಕಷ್ಟ. ಅದನ್ನು ಹಿಡಿಯಲು ಒಂದು ಸರಳ ಪರೀಕ್ಷೆ ಇದೆ. ಪರದೆಯ ಮೇಲೆ ಚೌಕಗಳ ಸಾಲು ಇರುತ್ತದೆ. ಪ್ರತಿ ಹೊಸ ಚಿತ್ರಕ್ಕೆ ಮುಂದಿನ ಒಂದೊಂದು ಚೌಕ ಬೆಳಗುತ್ತದೆ. ಫೋನ್ ಕ್ಯಾಮೆರಾದ ಶಟರನ್ನು ಸೆಕೆಂಡಿನ ಐದನೇ ಒಂದು ಭಾಗಕ್ಕೆ ಇಟ್ಟು, ಫೋನ್ ಅಲುಗದಂತೆ ಚಿತ್ರ ತೆಗೆಯಬೇಕು. 75 ನಿಜವಾಗಿದ್ದರೆ ಸುಮಾರು 15 ಚೌಕಗಳು ಒಂದಕ್ಕೊಂದು ತಾಗಿ ಬೆಳಗಿರಬೇಕು.

ಪುಸ್ತಕಗಳ ಮೇಲೆ ಫೋನ್ ಒರಗಿಸಿ ಚಿತ್ರ ತೆಗೆದೆ. ನಾಲ್ಕು ಚೌಕ, ಒಂದು ಖಾಲಿ. ಮತ್ತೆ ನಾಲ್ಕು, ಮತ್ತೆ ಒಂದು ಖಾಲಿ. ಬೆಳಗಿದ್ದು 12. ಐದರಿಂದ ಗುಣಿಸಿದರೆ ಸರಿಯಾಗಿ 60. 74 ಮತ್ತು 73ರಲ್ಲೂ ಸಾಲಿನ ನಡುವೆ ಖಾಲಿ ಜಾಗ ಕಂಡಿತು. 72ರಲ್ಲಿ ಸಾಲು ತುಂಡಾಗಲಿಲ್ಲ. ಹತ್ತು ಬಾರಿ ತೆಗೆದೆ, ಹತ್ತು ಬಾರಿಯೂ ತುಂಡಾಗಲಿಲ್ಲ. ನಮ್ಮ ಮಾನಿಟರಿನ ನಿಜವಾದ ಲಾಭ 12 ಹರ್ಟ್ಜ್, ಅಂದರೆ ಶೇಕಡಾ 20. ಒಂದು ಚಿತ್ರ ನಿಲ್ಲುವ ಸಮಯ 16.67ರಿಂದ 13.89 ಮಿಲಿಸೆಕೆಂಡಿಗೆ ಇಳಿಯಿತು. ಗೆಳೆಯನ 144ಕ್ಕೆ ಇದು ಎಲ್ಲಿಗೂ ಸಮವಲ್ಲ. ಆದರೆ ಇದಕ್ಕೆ ವೋಚರ್ ಇದೆ.

ಈಗ ಆ ಲಾಭ ಯಾರಿಗೆ ಸಿಕ್ಕಿತು ಎಂದು ಹೇಳುತ್ತೇನೆ. ನಾನು ಆಡುವ ಫುಟ್‌ಬಾಲ್ ಗೇಮ್‌ನಲ್ಲಿ ನಮ್ಮ ಕಂಪ್ಯೂಟರ್ ಸೆಕೆಂಡಿಗೆ 50 ಚಿತ್ರ ತಯಾರಿಸುವುದೇ ಕಷ್ಟ. ಪರದೆ 72 ಬಾರಿ ಕೇಳಿದರೂ ಕೊಡಲು ಅಲ್ಲಿ ಸರಕು ಇಲ್ಲ. ಹಾಗಾಗಿ ಗೇಮ್ ಹೆಚ್ಚೇನೂ ಬದಲಾಗಲಿಲ್ಲ. ಹೆಚ್ಚು ಲಾಭವಾದದ್ದು ಅಮ್ಮಿಗೆ. ಸಿನಿಮಾಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರಗಳಂತೆ ತೆಗೆಯುತ್ತಾರೆ. 60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಅರ್ಧ ಬಾರಿ ತೋರಿಸಲು ಬರುವುದಿಲ್ಲವಲ್ಲ, ಅದಕ್ಕೇ 60 ಹರ್ಟ್ಜ್ ಪರದೆ ಒಂದು ಚಿತ್ರವನ್ನು ಮೂರು ಬಾರಿ, ಮುಂದಿನದನ್ನು ಎರಡು ಬಾರಿ ತೋರಿಸುತ್ತದೆ. ಕ್ಯಾಮೆರಾ ನಿಧಾನವಾಗಿ ಅತ್ತಿಂದಿತ್ತ ತಿರುಗುವಾಗ ಈ ಕುಂಟುನಡೆ ಕಾಣುತ್ತದೆ. 72ನ್ನು 24ರಿಂದ ಭಾಗಿಸಿದರೆ ಸರಿಯಾಗಿ 3. ಪ್ರತಿ ಚಿತ್ರಕ್ಕೂ ಸಮಪಾಲು. ರಾತ್ರಿ ಅಮ್ಮಿ ತಮ್ಮ ಹಳೆಯ ಹಿಂದಿ ಸಿನಿಮಾ ನೋಡುತ್ತಾ, "ಇವತ್ತು ಪ್ರಿಂಟ್ ಚೆನ್ನಾಗಿದೆ" ಎಂದರು. ಅವರಿಗೆ ಹರ್ಟ್ಜ್ ಬಗ್ಗೆ ನಾನು ಏನೂ ಹೇಳಿರಲಿಲ್ಲ.

ನಿಮ್ಮಲ್ಲಿ ಯಾರಾದರೂ ಇದನ್ನು ಮಾಡುವುದಾದರೆ ಒಂದೆರಡು ಮಾತು. ವಾರಂಟಿ ಇರುವ ಹೊಸ ಮಾನಿಟರನ್ನು ಮುಟ್ಟಬೇಡಿ. ಒಂದೊಂದೇ ಮೆಟ್ಟಿಲು ಏರಿ. ಮೆನುವಿನ ಸಂಖ್ಯೆಯನ್ನು ನಂಬದೆ ಚಿತ್ರ ತೆಗೆದು ನೋಡಿ. ಎಲ್ಲಕ್ಕಿಂತ ಮೊದಲು, ಆ ಪರದೆಯಿಂದ ಮನೆಯಲ್ಲಿ ಇನ್ನು ಯಾರ ಕೆಲಸ ನಡೆಯುತ್ತದೆ ಎಂದು ನೋಡಿ ಅವರನ್ನು ಕೇಳಿ. ಲಾಭ ಒಬ್ಬರಿಗೆ, ನಷ್ಟ ಇನ್ನೊಬ್ಬರಿಗೆ ಎಂದಾದರೆ ಅದು ವ್ಯಾಪಾರವೇ ಅಲ್ಲ.

ನಮ್ಮ ಮನೆಯಲ್ಲಿ ಈಗ ಒಂದು ನಿಯಮವಿದೆ. ತಿಂಗಳ 1ರಿಂದ 20ರವರೆಗೆ 60, ಆಮೇಲೆ ತಿಂಗಳ ಕೊನೆಯವರೆಗೆ 72. ನಿಯಮ ಆಪಾಳದ್ದು, ಬದಲಿಸುವ ಕೆಲಸ ನನ್ನದು. ಹೋದ ತಿಂಗಳು 1ನೇ ತಾರೀಕು ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು 60ಕ್ಕೆ ಇಳಿಸಿ ಹೋಗಿದ್ದೆ. ಸಂಜೆ ಬರುವಾಗ ಆಪಾ ಮೌಸನ್ನು ಒರೆಸುತ್ತಾ ಕೂತಿದ್ದಳು. "ನೋಡು, ಇದು ಯಾಕೋ ಇವತ್ತು ತಡೆದ ಹಾಗೆ ಆಗ್ತಾ ಇದೆ" ಎಂದಳು. ಮೌಸಿಗೆ ಏನೂ ಆಗಿಲ್ಲ, ಇದು 60, ಬೇಕಾದರೆ ಈಗಲೇ 72 ಮಾಡುತ್ತೇನೆ ಎಂದೆ. ಅವಳು ಪರದೆಯನ್ನೂ ಗೋಡೆಯ ಕ್ಯಾಲೆಂಡರನ್ನೂ ಒಮ್ಮೆ ನೋಡಿ, ಬಿಲ್‌ಗಳ ಕಟ್ಟನ್ನು ಹತ್ತಿರಕ್ಕೆ ಎಳೆದುಕೊಂಡಳು.

"20 ಕಳೆಯಲಿ" ಎಂದಳು.