33 ಸೆಕೆಂಡಿನ ಲೆಕ್ಕ



ನಾನು ಆಫೀಸಲ್ಲಿ ಫೈಲು ನೋಡೋ ಗುಮಾಸ್ತ. ಕಾಗದದಲ್ಲಿ ಇಲ್ಲದ್ದು ನಡೆದೇ ಇಲ್ಲ, ಇದು ನಮ್ಮ ಕೆಲಸದ ಮೊದಲ ಪಾಠ.

2016ರ ಆಗಸ್ಟ್ 15. ಇಂಗ್ಲೆಂಡಿನ ಟೆಲ್‌ಫರ್ಡ್‌ನಲ್ಲಿ ಡಾಲಿಯನ್ ಅಟ್ಕಿನ್ಸನ್ ಎಂಬ ಕಪ್ಪು ಜನಾಂಗದ ಮಾಜಿ ಫುಟ್‌ಬಾಲ್ ಆಟಗಾರನಿಗೆ, ಅಪ್ಪನ ಮನೆ ಹತ್ತಿರವೇ, ಪೊಲೀಸನೊಬ್ಬ ಟೇಸರ್ ಎಂಬ ಕರೆಂಟಿನ ಗನ್ ಹೊಡೆದ. ಬಿದ್ದವನ ತಲೆಗೆ ಬೂಟುಗಾಲಲ್ಲಿ ಒದ್ದ. ಅಟ್ಕಿನ್ಸನ್ ಸತ್ತರು. ಒಂದು ಸಲಕ್ಕೆ 5 ಸೆಕೆಂಡ್ ಹರಿಯೋ ಕರೆಂಟು 33 ಸೆಕೆಂಡ್ ಹರಿದಿತ್ತು. ಅದು ದಾಖಲಾಗಿತ್ತು, ಕೋರ್ಟಿಗೂ ಬಂತು. 2021ರಲ್ಲಿ ಆ ಪೊಲೀಸನಿಗೆ ನರಹತ್ಯೆಗಾಗಿ 8 ವರ್ಷ ಜೈಲಾಯ್ತು.

ನಮ್ಮ ಲಾಠಿ ಲೆಕ್ಕ ಬರ್ಕೊಳಲ್ಲ. ನಮ್ಮ ಕೇರಿ ಹುಡುಗನೊಬ್ಬನನ್ನು ರಾತ್ರಿ ಎತ್ತಿಕೊಂಡು ಹೋದಾಗ ಠಾಣೆಗೆ ಓಡಿದೆ. "ಯಾರನ್ನೂ ತಂದಿಲ್ಲ, ಹೋಗಯ್ಯ" ಅಂದ್ರು. ಒಳಗಿಂದ ಅವನ ದನಿ ಕೇಳ್ತಿತ್ತು. ಪುಸ್ತಕದಲ್ಲಿ ಹೆಸರಿಲ್ಲ, ಹಾಗಾಗಿ ಹೊಣೆಗಾರರೂ ಇಲ್ಲ.

ಇಲಾಖೆಗೆ ರಿಸ್ಕ್ ಅಂದ್ರೆ ಪರಿಹಾರದ ದುಡ್ಡು. ನಮಗೆ ರಿಸ್ಕ್ ಅಂದ್ರೆ ಮಕ್ಕಳ ಜೀವ.

2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಗೂ, ಲಾಕಪ್ಪಿಗೂ ಸಿಸಿಟಿವಿ ಇರಬೇಕು ಅಂದಿದೆ. ಯಾರನ್ನಾದ್ರೂ ಎಳ್ಕೊಂಡು ಹೋದ್ರೆ ಗಂಟೆ ಬರ್ಕೊಳ್ಳಿ. ಆ ಹೊತ್ತಿನ ದೃಶ್ಯ ಉಳಿಸಿ ಅಂತ ಅರ್ಜಿ ಕೊಡಿ. ಸೀಲು ಹಾಕಿದ ಸ್ವೀಕೃತಿ ಇಲ್ಲದೆ ವಾಪಸ್ ಬರಬೇಡಿ.

ಬಾಬಾಸಾಹೇಬರು ಕೈಗೆ ಪೆನ್ನು ಕೊಟ್ಟಿದ್ದು ಇದಕ್ಕೇ.