ಸೋರಿಕೆ ಸಿಕ್ತಾ?

ಬೆಂಗಳೂರಲ್ಲಿ ಪ್ರೀತಿ ಹುಟ್ಟೋಕೆ ಕಬ್ಬನ್ ಪಾರ್ಕೇ ಬೇಕು ಅಂತ ಯಾರು ಹೇಳಿದ್ದು? ನನಗೆ ಆಗಿದ್ದು ನಮ್ಮ ಅಪಾರ್ಟ್‌ಮೆಂಟಿನ ನೀರಿನ ಸಂಪಿನ ಪಕ್ಕ, ರಾತ್ರಿ ಹನ್ನೊಂದೂವರೆಗೆ, ಕೈಯಲ್ಲಿ ಅಳತೆ ಕೋಲು ಹಿಡ್ಕೊಂಡು. ನಗಬೇಡಿ :)

2024ರ ಮಾರ್ಚ್ ತಿಂಗಳು. ಮಹದೇವಪುರದ ಕಡೆ ಆ ಹೊಸ ಅಪಾರ್ಟ್‌ಮೆಂಟಿಗೆ ನಾನು ಬಾಡಿಗೆಗೆ ಬಂದು ಆರು ತಿಂಗಳಾಗಿತ್ತು. 120 ಮನೆಗಳು. ಎಷ್ಟೋ ಬಾಗಿಲುಗಳಲ್ಲಿ ಗೃಹಪ್ರವೇಶದ ತೋರಣ ಇನ್ನೂ ಒಣಗಿಕೊಂಡು ನೇತಾಡ್ತಿತ್ತು. ಈಜುಕೊಳ ಇತ್ತು, ಜಿಮ್ ಇತ್ತು, ನೀರು ಮಾತ್ರ ಇರಲಿಲ್ಲ. 2007ರಲ್ಲಿ ಪಾಲಿಕೆಗೆ ಸೇರಿಸಿಕೊಂಡ 110 ಹಳ್ಳಿಗಳಲ್ಲೊಂದು ನಮ್ಮದು, ಕಾವೇರಿ ಇನ್ನೂ ಬಂದಿರಲಿಲ್ಲ. ಬೋರ್‌ವೆಲ್ ಫೆಬ್ರವರಿಯಲ್ಲೇ ಕೈಕೊಟ್ಟಿತ್ತು. ದಿನಕ್ಕೆ ಹತ್ತು ಟ್ಯಾಂಕರ್.

ಆ ತಿಂಗಳು ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಿತು, ನೆನಪಿರಬಹುದು. ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 8,000ಕ್ಕೆ 700, 12,000ಕ್ಕೆ 1,000. ಜಿಎಸ್‌ಟಿ ಬೇರೆ. ನಮಗೆ ಬರ್ತಿದ್ದಿದ್ದೆಲ್ಲ 12,000 ಲೀಟರಿನ ಬಿಲ್ಲು. ಆದರೂ ಸಂಜೆ ಏಳಕ್ಕೇ ನಲ್ಲಿ ಬುಸ್ ಅನ್ನೋದು. ಎಲ್ಲಿ ಹೋಗ್ತಿದೆ ನೀರು ಅಂತ ನೋಡೋಕೆ ಸಂಘದವರು ಒಂದು ಸಮಿತಿ ಮಾಡಿದರು. ಇಂಜಿನಿಯರು ಅಂತ ನನ್ನನ್ನು ಹಾಕಿದರು (ನಾನು ಓದಿದ್ದು ಕಂಪ್ಯೂಟರ್ ಸೈನ್ಸು ಅಂದರೂ ಕೇಳಲಿಲ್ಲ). ಇನ್ನೊಬ್ಬಳು ಸಿ ಬ್ಲಾಕಿನವಳು, ಶಾಲೆಯಲ್ಲಿ ಗಣಿತ ಟೀಚರು. ಸಂಘದ ಖಜಾಂಚಿಯ ಮಗಳು.

ನಮ್ಮ ಸಂಪು ಆರು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ. ಪಂಪ್ ಆಫ್ ಮಾಡಿ 12,000 ಲೀಟರ್ ಸುರಿದರೆ ನೀರು ಸರಿಯಾಗಿ ಅರ್ಧ ಮೀಟರ್ ಏರಬೇಕು. ಅವಳು ಟಾರ್ಚ್ ಹಿಡೀತಿದ್ದಳು, ನಾನು ಕೋಲು ಇಳಿಸ್ತಿದ್ದೆ. ಒಂದು ಲೋಡಿಗೂ ಇನ್ನೊಂದಕ್ಕೂ ನಡುವೆ ಮುಕ್ಕಾಲು ಗಂಟೆ. ಸಂಪಿನ ಕಟ್ಟೆ ಮೇಲೆ ಕೂತು ಅವಳು ತಂದ ಕಡಲೆಕಾಯಿ ತಿನ್ನೋದು. ಅವಳ ಏಳನೇ ಕ್ಲಾಸಿನ ಹುಡುಗರು ಭಿನ್ನರಾಶಿಗೆ ಕೊಡೋ ಉತ್ತರಗಳನ್ನ ಕೇಳಿ ಎಷ್ಟು ನಕ್ಕಿದ್ದೀನೋ. ಟ್ಯಾಂಕರ್ ತಡವಾದಷ್ಟೂ ನನಗೆ ಖುಷಿ. ಊರಿಗೆಲ್ಲ ನೀರಿಲ್ಲ, ನನಗೆ ನೋಡಿ...

ಮೂವತ್ತಮೂರು ಸೆಂಟಿಮೀಟರ್. ಮಾರನೇ ದಿನ ಮೂವತ್ತನಾಲ್ಕು. ಮತ್ತೆ ಮೂವತ್ತಮೂರು. ಅಂದರೆ ಎಂಟು ಸಾವಿರ ಲೀಟರ್. ಅವಳು ನೋಟ್‌ಬುಕ್ಕಲ್ಲಿ ಬರಕೊಂಡಳು, ಏನೂ ಹೇಳಲಿಲ್ಲ. ಪ್ರತಿ ಚೀಟಿಯ ಕೆಳಗೂ "12,000 ಲೀ. ಸ್ವೀಕರಿಸಿದೆ" ಅಂತ ಅವರಪ್ಪನ ಸಹಿ.

ಲೋಡಿಗೆ 300 ರೂಪಾಯಿ, ದಿನಕ್ಕೆ 3,000, ತಿಂಗಳಿಗೆ 90,000. ಮನೆಗೆ 750ರಂತೆ. ಅದರಲ್ಲಿ ಅವರ ಕೈಗೆ ಎಷ್ಟು ಬರ್ತಿತ್ತೋ ಇವತ್ತಿಗೂ ನನ್ನ ಹತ್ತಿರ ಲೆಕ್ಕವಿಲ್ಲ.

ಆ ಭಾನುವಾರ ಅವರು ನನ್ನನ್ನ ತಿಂಡಿಗೆ ಕರೆದರು. ಅಕ್ಕಿರೊಟ್ಟಿ, ಕಾಯಿಚಟ್ನಿ. "ಈ ಟೈಮಲ್ಲಿ ಟ್ಯಾಂಕರಿನವನನ್ನ ಕೆಣಕಿದರೆ ಬರೋ ನೀರೂ ನಿಲ್ಲತ್ತಪ್ಪಾ" ಅಂದರು. ನಮ್ಮೂರು ಯಾವುದು, ಅಪ್ಪ ಏನು ಮಾಡ್ತಾರೆ, ಸ್ವಂತ ಮನೆ ಇದೆಯಾ ಅಂತೆಲ್ಲ ಕೇಳಿದರು. ಅವಳು ಇನ್ನೊಂದು ರೊಟ್ಟಿ ಹಾಕಿದಳು. ನಾನು ಮನಸ್ಸಲ್ಲೇ ಎಲ್ಲೆಲ್ಲಿಗೋ ಹೋಗಿಬಂದೆ.

ಅವತ್ತು ರಾತ್ರಿ ವರದಿ ಬರೆದೆ. ಎಕ್ಸೆಲ್‌ನಲ್ಲಿ ಒಂದು ಹೊಸ ಕಾಲಂ ಸೇರಿಸಿದೆ: "ಸೋರಿಕೆ ಮತ್ತು ಅಳತೆಯ ದೋಷ, ಶೇಕಡಾ 33". ಯಾವ ಇಂಜಿನಿಯರೂ ಇಂಥದ್ದು ಬರೆಯಲ್ಲ. ಯಾರೂ ಪ್ರಶ್ನೆ ಮಾಡಲಿಲ್ಲ, ಚಪ್ಪಾಳೆ ಬೇರೆ. ಸೋರಿಕೆ ಹುಡುಕೋಕೆ 40,000 ರೂಪಾಯಿ ಮಂಜೂರಾಯಿತು. ಮೂರು ಜನ ಬಂದು ಸಂಪಿನ ಸುತ್ತ ಟೈಲ್ಸ್ ಒಡೆದು ಅಗೆಯೋಕೆ ಶುರು ಮಾಡಿದರು. ಬೆಳಿಗ್ಗೆ ಆಫೀಸಿಗೆ ಹೊರಟಾಗ ಅವಳು ಗುಂಡಿ ಪಕ್ಕ ನಿಂತಿದ್ದಳು.

"ಸೋರಿಕೆ ಸಿಕ್ತಾ?"

ನಾನು ಹೆಲ್ಮೆಟ್ಟಿನ ಪಟ್ಟಿ ಸರಿಮಾಡ್ಕೊಂಡೆ.

"ನಾನು ಹೇಳೋಕೆ ಆಗಲ್ಲ, ನೀನು ಹೇಳ್ತೀಯ ಅಂದ್ಕೊಂಡಿದ್ದೆ" ಅಂದಳು. ಅಷ್ಟೇ.

ಏಪ್ರಿಲ್ ಕೊನೆಯ ಸಭೆಯಲ್ಲಿ ಅವಳೇ ಎದ್ದು ನೋಟ್‌ಬುಕ್ ಓದಿದಳು. ಹನ್ನೊಂದು ದಿನದ ಅಳತೆ, ಒಂದೊಂದಾಗಿ, ತರಗತಿಯಲ್ಲಿ ಓದೋ ಹಾಗೆ. ಅವರಪ್ಪ ಮೊದಲ ಸಾಲಲ್ಲಿ ಕೂತು ಮೊಬೈಲ್ ನೋಡ್ತಿದ್ದರು. "ಇದು ನಿಜಾನಾ?" ಅಂತ ಎಲ್ಲರೂ ನನ್ನ ಕಡೆ ತಿರುಗಿದರು. ಹೌದು ಅಂದೆ. ಆ ಹೊತ್ತಿಗೆ ಹೌದು ಅನ್ನೋಕೆ ಏನೂ ಖರ್ಚಿರಲಿಲ್ಲ. ಅವರು ರಾಜೀನಾಮೆ ಕೊಟ್ಟರು, ಟ್ಯಾಂಕರಿನವನು ಬದಲಾದ. ನೀರೇನೂ ನಿಲ್ಲಲಿಲ್ಲ.

2024ರ ಅಕ್ಟೋಬರ್ 16ಕ್ಕೆ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ಆಮೇಲೆ ನಮಗೂ ಸಂಪರ್ಕ ಬಂತು. ಸಂಪಿನ ಸುತ್ತ ಮತ್ತೆ ಹಾಕಿದ ಟೈಲ್ಸ್ ಹಳೇ ಬಣ್ಣಕ್ಕೆ ಹೊಂದಿಲ್ಲ, ದಾಟುವಾಗೆಲ್ಲ ಕಾಣ್ತದೆ. ಅವಳು ಅಲ್ಲೇ ಇದ್ದಾಳೆ. ಲಿಫ್ಟಲ್ಲಿ ಸಿಕ್ಕರೆ "ನಮಸ್ಕಾರ, ಚೆನ್ನಾಗಿದ್ದೀರಾ?" ಅಂತಾಳೆ. ಮೊದಲು ಬಹುವಚನ ಇರಲಿಲ್ಲ.