ಬಾಯ್ಲರ್ ಮನೆಯಿಂದ ಬಂದ ಕಸುಬು

ಬೆಂಗಳೂರಿನ ಪೀಣ್ಯದ ಹಳಬರನ್ನು ಕೇಳಿದರೆ, ಮನೆನೀರನ್ನು ಮೆದು ಮಾಡಿಕೊಡುವ ಕಸುಬು ಆ ಕಡೆಗೆ ಬಂದದ್ದು ಕಾರ್ಖಾನೆಗಳ ಬಾಯ್ಲರ್ ಮನೆಯಿಂದ. ಗಡಸು ನೀರು ಬಾಯ್ಲರಿನ ಕೊಳವೆಗಳಿಗೆ ಸುಣ್ಣದ ಹಕ್ಕಳೆ ಕಟ್ಟಿಸುತ್ತದೆ. ಹಕ್ಕಳೆ ದಪ್ಪವಾದಷ್ಟೂ ಎಣ್ಣೆ ಹೆಚ್ಚು ಉರಿಯುತ್ತದೆ, ಕೊನೆಗೆ ಕೊಳವೆಯೇ ಸುಟ್ಟು ಒಡೆಯುತ್ತದೆ. ಹಾಗಾಗಿ ಬಾಯ್ಲರ್ ಪಕ್ಕದಲ್ಲೇ ನೀರು ಮೆದು ಮಾಡುವ ಒಂದು ಸಾಫ್ಟನರ್, ಅದನ್ನು ನೋಡಿಕೊಳ್ಳಲು ಒಬ್ಬ ಕೆಲಸಗಾರ. ಅಂಥವರಲ್ಲಿ ಕೆಲವರು ರಜಾದಿನಗಳಲ್ಲಿ ದಾಸರಹಳ್ಳಿ, ಜಾಲಹಳ್ಳಿ ಕಡೆಯ ಮನೆಗಳಿಗೂ ಅದೇ ಕೆಲಸ ಮಾಡಿಕೊಡತೊಡಗಿದರು. ಯಾವ ಕಚೇರಿಯ ಕಡತವೂ ಇದನ್ನು ಬರೆದಿಟ್ಟಿಲ್ಲ. ಕಂಡವರ ನೆನಪನ್ನೇ ನಂಬಬೇಕು.

ಮನೆಗಳಿಗೆ ಇದರ ಅಗತ್ಯ ಬಿದ್ದದ್ದು ಕಾವೇರಿ ನೀರು ಬಾರದ ಕಡೆಗಳಲ್ಲಿ. ವೈಟ್‌ಫೀಲ್ಡಿನಲ್ಲಿ ಐಟಿಪಿಎಲ್ ಟೆಕ್ ಪಾರ್ಕ್ ಎದ್ದು, ಎಲೆಕ್ಟ್ರಾನಿಕ್ ಸಿಟಿ ತುಂಬಿಕೊಂಡ ವರ್ಷಗಳಲ್ಲಿ ಬಡಾವಣೆಗಳು ಕೊಳಾಯಿಗಿಂತ ಮುಂದೆ ಓಡಿದವು. ನಗರದ ಸುತ್ತಲ 110 ಹಳ್ಳಿಗಳು 2007ರಲ್ಲಿ ಪಾಲಿಕೆಗೆ ಸೇರಿದವು. ಅವುಗಳಿಗೆ ನೀರು ಕೊಡಲೆಂದು ರೂಪಿಸಿದ ಕಾವೇರಿ 5ನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ಕಾಲವೆಲ್ಲ ಬೋರ್‌ವೆಲ್ಲಿನದು, ಟ್ಯಾಂಕರಿನದು. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ದಾಟಬಾರದು. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಮನೆಯ ಹೆಂಗಸರಿಗೆ ಈ ಅಂಕಿ ಬೇಕಿರಲಿಲ್ಲ. ಬೇಳೆ ಬೇಯದಿದ್ದಾಗ, ಬಕೆಟ್ಟಿನ ಅಂಚಿಗೆ ಬಿಳಿ ಕಟ್ಟಿದಾಗ ಗೊತ್ತಾಗುತ್ತಿತ್ತು.

ಬಾಯ್ಲರ್ ಮನೆಯಿಂದ ಬಂದ ಆ ಮೊದಲ ಸಾಲಿನ ಮೇಸ್ತ್ರಿಗಳಲ್ಲಿ ಒಬ್ಬರು ದಾಸರಹಳ್ಳಿಯವರು. ಮನೆಗೆ ಬಂದ ಕೂಡಲೇ “ಅಮ್ಮಾ, ಬೇಳೆ ಬೇಯ್ತದಾ?” ಎಂದು ಕೇಳುವರು. ಬೋರ್ ಎಷ್ಟು ಅಡಿ, ಮನೆಯಲ್ಲಿ ಎಷ್ಟು ಜನ ಎಂಬುದೆಲ್ಲ ಆಮೇಲೆ. ಚೀಲದಿಂದ ಸಣ್ಣ ಬಾಟಲಿ ತೆಗೆದು, ನಲ್ಲಿ ನೀರು ಹಿಡಿದು, ಸೋಪಿನ ದ್ರಾವಣ ತೊಟ್ಟು ತೊಟ್ಟಾಗಿ ಬಿಟ್ಟು ಕುಲುಕುವರು. ನೊರೆ ನಿಲ್ಲಲು ತೊಟ್ಟು ಹೆಚ್ಚು ಬೇಕಾದಷ್ಟೂ ನೀರು ಗಡಸು. ಎಣಿಕೆ ಮುಗಿಯುವ ತನಕ ದುಡ್ಡಿನ ಮಾತಿಲ್ಲ. ಲೆಕ್ಕವನ್ನು ಪಂಪ್ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವರು: ಗಡಸು 500, ರೆಸಿನ್ 25 ಲೀಟರು, ಅಂದರೆ ಸುಮಾರು 2500 ಲೀಟರು ನೀರಿಗೆ ಒಮ್ಮೆ ಉಪ್ಪು, ಸಲಕ್ಕೆ ನಾಲ್ಕೈದು ಕಿಲೋ.

ರೆಸಿನ್ ಎಂದರೆ ಸಾಸಿವೆಗಿಂತ ಸಣ್ಣ, ಜೇನುಬಣ್ಣದ ಮಣಿಗಳು. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಟ್ಟುಕೊಡುತ್ತವೆ. ಆ ಶಕ್ತಿ ಮುಗಿದಾಗ ಗಟ್ಟಿ ಉಪ್ಪುನೀರು ಹಾಯಿಸಿದರೆ ಹಿಡಿದದ್ದನ್ನು ಬಿಟ್ಟು ಮತ್ತೆ ಕೆಲಸಕ್ಕೆ ತಯಾರು. ನೆಂದ ಕಲ್ಲುಪ್ಪು, ಗೋಣಿಚೀಲ, ತುಕ್ಕು ಹಿಡಿದ ವಾಲ್ವು ಎಲ್ಲ ಬೆರೆತ ಒಂದು ತಣ್ಣನೆಯ ಘಾಟು ಆ ಉಪ್ಪಿನ ತೊಟ್ಟಿಗಳದ್ದು. ಅಂಥ ಶೆಡ್ಡಿಗೆ ಒಮ್ಮೆ ಹೊಕ್ಕವರು ಅದನ್ನು ಮರೆತಿಲ್ಲ.

ಚೌಕಾಸಿ ನಡೆಯುತ್ತಿದ್ದುದು ಒಂದು ಪೈಪಿನ ಮೇಲೆ. ಲೀಟರಿಗೆ 100 ಮಿಲಿಗ್ರಾಂ ಗಡಸು ತೆಗೆದರೆ ಸುಮಾರು 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ; ಬಿಪಿ ಇದ್ದವರಿಗೆ ಅದು ಒಳ್ಳೆಯದಲ್ಲ, ತೋಟದ ಮಣ್ಣಿಗಂತೂ ಕೇಡು. ಆದ್ದರಿಂದ ಕುಡಿಯುವ ನಲ್ಲಿಗೂ ಗಿಡಗಳಿಗೂ ಸಾಫ್ಟನರಿಗೆ ತಾಗದ ಬೇರೆ ಲೈನು ಎಳೆಯಬೇಕು. ಮನೆಯ ಯಜಮಾನರು ಉಳಿಸಲು ನೋಡುತ್ತಿದ್ದುದು ಆ ಲೈನಿನ ದುಡ್ಡನ್ನೇ. “ಕೂಲಿಯಲ್ಲಿ ಬೇಕಾದ್ರೆ ಬಿಡ್ತೀನಿ ಸಾರ್, ಆ ಪೈಪಲ್ಲಿ ಬಿಡಲ್ಲ” ಎನ್ನುವರು ಮೇಸ್ತ್ರಿ. ಕೂಲಿ ಇಳಿಯುತ್ತಿತ್ತು, ಪೈಪು ಉಳಿಯುತ್ತಿತ್ತು. ರಸೀದಿ ಇಲ್ಲ, ಗ್ಯಾರಂಟಿ ಕಾರ್ಡು ಇಲ್ಲ. ನೀರು ಕೆಟ್ಟರೆ ಯಾರ ಮನೆ ಬಾಗಿಲು ತಟ್ಟಬೇಕೆಂದು ಬೀದಿಗೆಲ್ಲ ಗೊತ್ತಿತ್ತು.

ಹಾಗೆಂದು ಆ ಕಾಲವನ್ನು ಹೊಗಳಿ ಮುಗಿಸುವಂತಿಲ್ಲ. ಸೋಪಿನ ಬಾಟಲಿಗೆ ಗಡಸು ಬಿಟ್ಟರೆ ಬೇರೇನೂ ಕಾಣದು. ಪೀಣ್ಯದ ಅಂತರ್ಜಲದಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ಕ್ರೋಮಿಯಂ ಸೇರಿರುವುದು ಪರೀಕ್ಷೆಗಳಲ್ಲಿ ಬಯಲಾದ ಸಂಗತಿ. ಕುಡಿಯುವ ನೀರಿಗೆ ಅದರ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ವಿಷಕಾರಿಯಾದ ಆರು ವೇಲೆನ್ಸಿಯ ಕ್ರೋಮಿಯಂ ನೀರಿನಲ್ಲಿ ಋಣ ಅಯಾನಾಗಿ ಇರುತ್ತದೆ, ಸಾಫ್ಟನರಿನ ಮಣಿ ಹಿಡಿಯುವುದು ಧನ ಅಯಾನುಗಳನ್ನು ಮಾತ್ರ. ಚರಂಡಿ ನೀರಿನಿಂದ ಇಳಿದ ನೈಟ್ರೇಟಿಗೂ ಇದೇ ಮಾತು. ಮೇಸ್ತ್ರಿ ಹಟ ಹಿಡಿದು ಉಳಿಸಿದ ಆ ಕುಡಿಯುವ ಲೈನಿನಲ್ಲಿ ಇವೂ ಹರಿದಿರಬಹುದು. ಬಳಸಿದ ಉಪ್ಪುನೀರು ಮೋರಿಗೆ, ಇಲ್ಲವೇ ಇಂಗುಗುಂಡಿಗೆ ಹೋಗಿ ಅದೇ ನೆಲಕ್ಕೆ ಇಂಗಿತು. ಅದನ್ನು ಆಗ ಯಾರೂ ಯೋಚಿಸಲಿಲ್ಲ.

ಈಗಿನವರಿಗೆ ಪ್ರಯೋಗಾಲಯ ಹತ್ತಿರದಲ್ಲೇ ಇದೆ, ಆದರೂ ಪರೀಕ್ಷೆ ಮಾಡಿಸುವವರು ಕಡಿಮೆ. ಮಾರಾಟಕ್ಕೆ ಬಂದವರು ಪೆನ್ನಿನಂಥ ಟಿಡಿಎಸ್ ಮೀಟರು ಅದ್ದಿ ಅಂಕಿ ತೋರಿಸುತ್ತಾರೆ. ಅದು ಒಟ್ಟು ಲವಣದ ಅಂದಾಜು, ಗಡಸಿನ ಅಳತೆಯಲ್ಲ. ಇನ್ನು ಕೆಲವರು ಲೋಟಕ್ಕೆ ಎರಡು ಸರಳು ಇಳಿಸಿ ಕರೆಂಟು ಕೊಟ್ಟು ನೀರನ್ನು ಕಂದು ಮಾಡಿ ಹೆದರಿಸುತ್ತಾರೆ. ಆ ಕಂದು ಸರಳಿನ ಕಬ್ಬಿಣ ಕರಗಿ ಬಂದದ್ದು. ಅವರು ಮಾರುವ ಆರ್‌ಒ ಯಂತ್ರದ ನೀರಿನಲ್ಲಿ ಲವಣ ತೀರ ಕಡಿಮೆ, ಕರೆಂಟು ಸರಿಯಾಗಿ ಹರಿಯದು, ಅದಕ್ಕೇ ಅದು ತಿಳಿಯಾಗಿ ಉಳಿಯುತ್ತದೆ. ಇದು ಶುದ್ಧ ಮೋಸ. ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಸೂಚಿಸಿತ್ತು. ಆದರೂ ಲವಣ ಕಡಿಮೆ ಇರುವ ಕಾವೇರಿ ನೀರು ಬರುವ ಮನೆಗಳಿಗೂ ಆ ಯಂತ್ರ ಮಾರುತ್ತಲೇ ಇದ್ದಾರೆ.

ಟ್ಯಾಂಕರ್ ನೀರು ಮೇಸ್ತ್ರಿಯ ಗೋಡೆಯ ಲೆಕ್ಕವನ್ನೇ ಕೆಡಿಸಿತು. 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ 6000 ಲೀಟರಿಗೆ 600 ರೂಪಾಯಿ ಎಂದು ದರ ಕಟ್ಟಿತು. ದರ ಗೊತ್ತಾಯಿತು, ನೀರು ಯಾವ ಬೋರಿನದೆಂದು ಗೊತ್ತಾಗಲಿಲ್ಲ. ಲೋಡಿಗೊಂದು ಗಡಸಾದರೆ ಉಪ್ಪಿನ ಲೆಕ್ಕ ಹೇಗೆ ಹಾಕುವುದು?

ಹೊಸದಾಗಿ ಮನೆ ಕಟ್ಟಿಸುವ ಹುಡುಗರು ಲೈಸೆನ್ಸ್ ಇರುವ ಕಂಟ್ರಾಕ್ಟರ್ ಯಾರೆಂದು ಕೇಳುತ್ತಾರೆ. ಕೇಳಬೇಕಾದದ್ದೇ. ಆದರೆ ಜಲಮಂಡಳಿ ಪ್ಲಂಬರುಗಳಿಗೆ ಕೊಡುವ ಪರವಾನಗಿ ಕೊಳಾಯಿ ಮತ್ತು ಒಳಚರಂಡಿ ಸಂಪರ್ಕದ ಕೆಲಸಕ್ಕೆ; ಅದನ್ನು ನೀರಿನ ಗುಣಕ್ಕೆ ಕೊಟ್ಟ ಭರವಸೆ ಎಂದು ಓದಬಾರದು. ಪರವಾನಗಿ ನೋಡಿದ ಮೇಲೂ ಕೆಲಸ ಕೊಡುವ ಮೊದಲು ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯದಲ್ಲಿ ಗಡಸು, ನೈಟ್ರೇಟ್, ಕಬ್ಬಿಣ, ಪೀಣ್ಯ ಕಡೆಯಾದರೆ ಕ್ರೋಮಿಯಂ ಕೂಡ ಪರೀಕ್ಷೆ ಮಾಡಿಸಬೇಕು. ರೆಸಿನ್ ಎಷ್ಟು ಲೀಟರು, ಎಷ್ಟು ನೀರಿಗೊಮ್ಮೆ ಎಷ್ಟು ಉಪ್ಪು, ಕುಡಿಯುವ ಲೈನಿಗೆ ಯಾವ ನೀರು, ಬಳಸಿದ ಉಪ್ಪುನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಬೇಕು. ಬರೆದುಕೊಡಲು ಹಿಂಜರಿಯುವವರಿಗೆ ಮುಂಗಡ ಕೊಡಬಾರದು.